ಷರಾ

ಶಿರಿಯದ ಅಳಿವೆ, ತೆಂಕು ದಂಡೆ.
ಟೇಪಿನ ಒಂದು ತುದಿ ನನ್ನ ಕೈಯಲ್ಲಿ.
ಇನ್ನೊಂದನ್ನು ಹಿಡಿದ ಹುಡುಗ ಅಬ್ಬಾಸ್
ಮುಂಡೇವಿನ ಪೊದೆಯೊಳಗೆ ಮಾಯವಾಗಿ
ಸ್ವಲ್ಪ ಹೊತ್ತು ಬಯ್ಗುಳವಾಗಿ ಮಾತ್ರ ಇದ್ದ.
ಎಲೆಗೆ ಮೂರು ಸಾಲು ಮುಳ್ಳು,
ಅಂಚಿಗೆರಡು, ನಡುಬೆನ್ನಿಗೊಂದು.
ಒಳಗೆ ಹೋಗಲು ಬಿಟ್ಟದ್ದು
ಹೊರಗೆ ಬರಲು ಬಿಡುವುದಿಲ್ಲ.

ನಮೂನೆಯಲ್ಲಿ ಏಳು ಕಾಲಂ.
ತೆಂಗು ಎಷ್ಟು, ಗಾಳಿಮರ ಎಷ್ಟು,
ಬಾವಿ ಉಂಟೋ, ಉಂಟಾದರೆ ಸಿಹಿಯೋ ಉಪ್ಪೋ,
ಮನೆ ಹಂಚಿನದೋ ತಾರಸಿಯದೋ.
ಕಲ್ಲಿನ ತಡೆಗೋಡೆ ಬರುವ ಮೊದಲು
ಇಲ್ಲಿ ಏನೇನಿತ್ತೆಂದು ಸರಕಾರಕ್ಕೆ ತಿಳಿಯಬೇಕು.
ಇದು ಯಾವುದರಲ್ಲೂ ಕೂರುವುದಿಲ್ಲ.
ಮರವೆನ್ನಲು ಕಾಂಡ ನೆಟ್ಟಗಿಲ್ಲ,
ಹುಲ್ಲೆನ್ನಲು ಎರಡಾಳು ಎತ್ತರ.
ಕಚೇರಿಯ ಮಲಯಾಳದಲ್ಲಿ ಕೈದ,
ನನ್ನ ಕನ್ನಡ ಪಾಠದಲ್ಲಿ ಕೇದಗೆ,
ಈ ಮರಳಲ್ಲಿ ಮುಂಡೇವು.
ಮೂರು ಹೆಸರಿದ್ದೂ ಒಂದು ಕಾಲಮ್ಮಿಲ್ಲ.
ಕೊನೆಯಲ್ಲಿ 'ಷರಾ' ಎಂಬಲ್ಲಿ ಬರೆದೆ:
ಪೊದೆ. ಬೆಲೆ ಇಲ್ಲ.

ದೂಜಕ್ಕ ಬಂದದ್ದು ಎಲೆಗೆ.
ಅಷ್ಟಮಿಗೆ ನಾಲ್ಕೇ ದಿನ,
ಉಪ್ಪಳದ ಹೋಟೆಲಿಗೆ ಇನ್ನೂರು ಮೂಡೆ ಕೊಡಬೇಕು.
ಕತ್ತಿಯ ತುದಿಯಲ್ಲಿ ಎಲೆ ಹಿಡಿದು
ಮುಳ್ಳನ್ನು ನೂಲಿನ ಹಾಗೆ ಎಳೆದು ಬಿಸಾಡಿದಳು.
"ಬರೆದಾಯಿತಾ?"
ಆಯಿತು ಎಂದೆ.
"ಬೇರು ಬರೆದಿರಾ?"

ಬಗ್ಗಿ ನೋಡಿದೆ.
ಕಾಂಡದ ಸೊಂಟದಿಂದ ಇಳಿದ ಊರೆಗಾಲುಗಳು.
ಮರಳು ಮುಟ್ಟದವು ತುದಿಗೊಂದು ಟೋಪಿ ತೊಟ್ಟು
ಗಾಳಿಯಲ್ಲಿ ಸರದಿ ಕಾಯುತ್ತಿದ್ದವು.
ನಡುವೆ ಸಿಕ್ಕಿಬಿದ್ದದ್ದು
ಎಷ್ಟೋ ಮಳೆಗಾಲದ ಮರಳು,
ಬಲೆಯ ತುಂಡು, ಮಗುವಿನ ಎಡಗಾಲ ಚಪ್ಪಲಿ,
ಹಾವು ಕಳಚಿಟ್ಟ ಪೊರೆ,
ಹುಂಡುಕೋಳಿಯ ಒಡೆದ ಮೊಟ್ಟೆ.
ಒಂದೇ ಕೈ ದೊಡ್ಡದಾದ ಏಡಿಯೊಂದು
ಆ ಕೈ ಎತ್ತಿ, ನನ್ನ ಗುರುತಿನ ಚೀಟಿ ಕೇಳಿ,
ಉತ್ತರಕ್ಕೆ ಕಾಯದೆ ಬಿಲಕ್ಕಿಳಿಯಿತು.

ಹೂವು ಯಾವಾಗ ಎಂದು ಕೇಳಿದೆ.
ಘಮದ ಬಗ್ಗೆ ಓದಿದ್ದೆನಲ್ಲ.
ದೂಜಕ್ಕ ನಕ್ಕಳು.
ಇಲ್ಲಿರುವುದೆಲ್ಲ ಹೆಣ್ಣು, ಘಮವೆಲ್ಲ ಗಂಡಿನದು.
ಕೊನೆಯ ಗಂಡು ತೋಡಿನ ಆಚೆ ಇತ್ತು,
ಹೆದ್ದಾರಿ ಅಗಲವಾದಾಗ ಅಡಿಗೆ ಹೋಯಿತು.
ಹೆಣ್ಣಿಗಿರುವುದು ಹಣ್ಣು.
ಅನಾನಸೆಂದು ಆಸೆ ತೋರಿಸಿ ಹಲ್ಲು ಮುರಿಯುವಂಥದ್ದು.
ಬಿದ್ದರೆ ತೊಳೆತೊಳೆಯಾಗಿ ಬಿರಿದು
ನೀರಿಳಿತಕ್ಕೆ ಕಡಲಿಗೆ ಹೋಗುತ್ತದೆ,
ತಿಂಗಳುಗಟ್ಟಲೆ ತೇಲುತ್ತದೆ,
ಯಾವ ಊರಿಗೆಂದು ಹೇಳಿ ಹೋಗುವುದಿಲ್ಲ.

ಗಂಡಿಲ್ಲದೆ ಮತ್ತೆ ಇಷ್ಟು ದಟ್ಟ ಹೇಗೆ?

"ಹೇಗೆ ಅಂದರೆ?
ಮುರಿದು ಬಿದ್ದ ಕೊಂಬೆ ಬಿದ್ದಲ್ಲೇ ಬೇರು ಬಿಡುತ್ತದೆ.
ನಾನು ಹೊಸಬೆಟ್ಟಿನವಳು ಮಾರಾಯರೆ,
ಕಡಲು ಮನೆ ತಿಂದ ವರ್ಷ ಇಲ್ಲಿಗೆ ಬಂದದ್ದು.
ಆಗ ಈ ಪೊದೆ ಅಗೋ, ಅಲ್ಲಿತ್ತು."
ಅವಳ ಕತ್ತಿ ತೋರಿಸಿದ ಕಡೆ
ಅಲೆಗಳು ಒಡೆಯುತ್ತಿದ್ದವು.
"ಹಿಂದಿನ ಬುಡ ಕೊಳೆಯುತ್ತದೆ, ಮುಂದಿನ ಕಾಲು ಇಳಿಯುತ್ತದೆ.
ನಿಮ್ಮ ಕಲ್ಲಿಗೆ ಅದು ಬರುತ್ತದಾ?"

ಎಲೆಯ ಕಟ್ಟು ತಲೆಗೇರಿತು.
ನಡೆಯುವಾಗ ಮೊನೆಗಳು ಮುಖದ ಮುಂದೆ ತೂಗಿ
ಅವಳೂ ಒಂದು ಪೊದೆಯಾಗಿ
ಗಾಳಿಮರಗಳ ಆಚೆ ಸರಿದಳು.

ಪೆನ್ನು ತೆಗೆದೆ.
ಬೆಲೆ ಇಲ್ಲ ಎಂಬುದರ ಪಕ್ಕ
ಎರಡು ಶಬ್ದಕ್ಕಷ್ಟೇ ಜಾಗವಿತ್ತು.
ಮೇಲೆ ನಡೆಯುತ್ತದೆ ಎಂದು ಬರೆದೆ.
ಕೆಳಗಿನ ಜಾಗಕ್ಕೆ ಏನೂ ತೋಚಲಿಲ್ಲ.
ಕಚೇರಿಯಲ್ಲಿ ಅದಕ್ಕೆ ಕೆಂಪು ಗೆರೆ ಬಿತ್ತು,
ಏನು ನಡೆಯುತ್ತದೆ, ಕೆಲಸವೋ, ವ್ಯಾಜ್ಯವೋ?

ಅಬ್ಬಾಸನ ಮೊಣಕೈ ವಾರದಲ್ಲಿ ಮಾಯಿತು.
ಟೇಪಿನ ಹನ್ನೊಂದನೆಯ ಮೀಟರಿನಲ್ಲಿ
ಮುಳ್ಳು ಹೊಕ್ಕ ತೂತು ಉಳಿದಿದೆ.
ಆಮೇಲೆ ಯಾರ ಜಾಗ ಅಳೆದರೂ,
ಕುಂಬಳೆಯ ಪೇಟೆಯಲ್ಲೇ ಆಗಲಿ,
ಸುತ್ತಿ ತೆಗೆಯುವಾಗ ಅಲ್ಲಿಗೆ ಬಂದು
ಬೆರಳು ಒಮ್ಮೆ ತಡೆಯುತ್ತದೆ.