ಹನ್ನೆರಡು ಜಿಬಿಗೆ ಹಿಡಿಯದ ಹಸು

ಹೋಟೆಲಿನವರ ಮುಂಗಡ ಬಂದದ್ದು ಮಂಗಳವಾರ.
ಬುಧವಾರ ಬೆಳಿಗ್ಗೆಯೇ ಎಲಿಯಾವಾ ಸಂತೆ,
ಸೈಲೆನ್ಸರು, ಬೇರಿಂಗು, ಹಳೇ ನಲ್ಲಿಗಳ ಸಾಲು ದಾಟಿ
ಮಲ್ಖಾಜನ ಮೇಜಿನ ಮುಂದೆ ನಿಂತಿದ್ದೆ.
ತ್ಬಿಲಿಸಿಯ ಫೆಬ್ರವರಿ. ಚೌಕಾಸಿಯೂ ಹಬೆಯಾಗಿ ಬರುತ್ತಿತ್ತು.

ಹೊಸದಾದರೆ ಇಪ್ಪತ್ತನಾಲ್ಕು ಜಿಬಿಯದು ಒಂದೇ ಒಂದು,
ಐದು ತಿಂಗಳ ಬಾಡಿಗೆಯಷ್ಟು.
ಅದೇ ದುಡ್ಡಿಗೆ ಇವನಲ್ಲಿ
ಹನ್ನೆರಡರವು ನಾಲ್ಕು, ಹಳೆಯವು.
'ನಾಲ್ಕು ಹನ್ನೆರಡಲಿ ನಲವತ್ತೆಂಟು' ಎಂದ, ಬೆರಳು ಮಡಚಿ.

ಅಲ್ಲ ಮಾರಾಯ.
ನಾಲ್ಕು ಪಾವು ಸೇರಿದರೆ ಸೇರು;
ನಾಲ್ಕು ಕಾರ್ಡು ಸೇರಿದರೂ ಪಾವೇ.
ಇಡೀ ಕಟ್ಟಡ ಒಂದೊಂದರ ಹೊಟ್ಟೆಗೂ ಹಿಡಿಯಬೇಕು,
ಗಾಜು, ಕಲ್ಲು, ಸೋಫಾದ ನೂಲು, ಕಿಟಕಿಯಂಚಿನ ಹಿಮ.
ಹಿಡಿದರೆ ನಾಲ್ವರೂ ಕೂಡಿ ಬೇಗ ಮುಗಿಸಿಯಾರು.
ಹಿಡಿಯದಿದ್ದರೆ ನಾಲ್ವರೂ ಹೊಸಿಲಲ್ಲೇ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಇಲ್ಲಿ ನಾಲ್ಕು ಹಾಸಿಗೆ ಹಾಸಿದರೂ
ಮಲಗುವುದು ಒಂದರಲ್ಲೇ, ಮಂಡಿ ಮಡಚಿ.

'ಎಲ್ಲಿಯವು ಇವು?'
ಮೇಲೆ, ಸ್ವಾನೇತಿಯ ಕಣಿವೆಯವು.
ಮೂರು ಚಳಿಗಾಲ ಅಟ್ಟದ ಮೇಲೆ ಕೂತು
ಕಾಣದ ನಾಣ್ಯ ಅಗೆದವು.
ಅಜ್ಜಿ ಇವುಗಳ ಬಿಸಿಗೆ ಕಾಲುಚೀಲ ಹರವುತ್ತಿದ್ದಳಂತೆ,
ಊರ ದೀಪವೆಲ್ಲ ಮಂಕಾಗಿ
ನೆರೆಯವರು ಜಗಳಕ್ಕೆ ಬರುವ ತನಕ.
ಫ್ಯಾನು ಬಿಚ್ಚಿ ತೋರಿಸಿದ:
ಒಂದು ಹುಲ್ಲುಕಡ್ಡಿ, ಕೆಂಚು ಕೂದಲು ನಾಲ್ಕು.
'ಕೆಳಗೆ ಕೊಟ್ಟಿಗೆ' ಎಂದ ಸಂಕೋಚದಿಂದ. 'ನಿಶಾಳದು.'
ಹಣೆಯಲ್ಲಿ ಬಿಳಿ ಮಚ್ಚೆಯಿದ್ದ ಹಸುವಿಗೆಲ್ಲ
ನಮ್ಮಲ್ಲಿ ಅದೇ ಹೆಸರು.

ಪರೀಕ್ಷೆಗೆಂದು ನನ್ನ ದೃಶ್ಯ ತೆರೆದೆ.
ಮೊದಲು ಬರೀ ಕಾಳು ಕಾಳು,
ಆಮೇಲೆ ಜರಡಿಯಿಂದ ಹಿಟ್ಟು ಇಳಿದಂತೆ
ಮೆಲ್ಲಗೆ ಸಂಜೆ ಇಳಿಯಿತು,
ಸಂಜೆಯೊಳಗೆ ಹೋಟೆಲು, ಹೋಟೆಲಿನ ಹಿಂದೆ ಬೆಟ್ಟ.
ಮಲ್ಖಾಜ್ ಬಗ್ಗಿದ. ಸಿಗರೇಟು ದೂರ ಹಿಡಿದ.
'ಈ ಇಳಿಜಾರು ನನಗೆ ಗೊತ್ತು.'
ಸ್ವಾಗತಕಕ್ಷೆಯ ಅಮೃತಶಿಲೆಯ ಮೇಲೆ ಬೆರಳಿಟ್ಟು
'ಇಲ್ಲೇ ಕೊಟ್ಟಿಗೆ' ಎಂದ.
ಎದುರು ಅಂಗಡಿಯಲ್ಲಿ ಯಾರೋ ಕಬ್ಬಿಣ ಕೊಯ್ಯುತ್ತಿದ್ದರು.
ಅದು ನಿಂತ ಮೇಲೆ ಮತ್ತೆ ಅಂದ:
'ಹಸು ಇಲ್ಲದಿದ್ದರೆ ಆ ಬೆಟ್ಟ ಸುಳ್ಳು. ಒಂದು ಹಾಕು.'

ನನ್ನ ಸಂಗ್ರಹದಲ್ಲಿದ್ದದ್ದು ಹಾಲೆಂಡಿನದು, ಕಪ್ಪು-ಬಿಳುಪು.
ಕೆಂಚು ಬಳಿದೆ, ಹಣೆಗೊಂದು ಮಚ್ಚೆ ಇಟ್ಟೆ.
ಮೈಕೂದಲು ನಲವತ್ತು ಲಕ್ಷ.
ಒತ್ತಿದೆ.
ಪರದೆ ಕಪ್ಪು. ಮೆಮೊರಿ ಸಾಲದು.

ಏಳಂತಸ್ತು ಹಿಡಿಸಿತ್ತು,
ನೂರಿಪ್ಪತ್ತು ಕೋಣೆ, ಹಬೆಯಾಡುವ ಈಜುಕೊಳ,
ವೈನಿನ ಲೋಟದಲ್ಲಿ ತಲೆಕೆಳಗಾದ ಆಕಾಶ ಹಿಡಿಸಿತ್ತು.
ಒಂದು ಹಸು ಹಿಡಿಸಲಿಲ್ಲ.

ಮಲ್ಖಾಜ್ ನಕ್ಕ; ವ್ಯಾಪಾರಿಯ ನಗೆಯಲ್ಲ.
'ಹಾಗಾದರೆ ದೊಡ್ಡದನ್ನೇ ಕೊಳ್ಳು, ತಂಗಿ.
ನನ್ನ ಹತ್ತಿರ ಇಲ್ಲ. ಮೂರನೇ ಸಾಲಿನ ಗುರಾಮನಲ್ಲಿದೆ.
ನನ್ನ ಹೆಸರು ಹೇಳಬೇಡ, ಬೆಲೆ ಏರಿಸುತ್ತಾನೆ.'

ಕೊಂಡೆ.
ಇಟ್ಟಿಗೆಗಿಂತ ಭಾರ, ಪೆಟ್ಟಿಗೆಯ ಬಾಗಿಲು ಮುಚ್ಚುವುದಿಲ್ಲ.
ಇದು ಓಡುವಾಗ ಚಹಾಕ್ಕೆ ನೀರಿಟ್ಟರೆ
ಮಹಡಿಗೆ ಮಹಡಿಯೇ ಕತ್ತಲು;
ಕೆಳಗಿನ ಲಮಾರಾ ಪೊರಕೆಯ ಹಿಡಿಯಿಂದ ಸೂರು ಕುಟ್ಟುತ್ತಾಳೆ.
ನಾಲ್ಕು ರಾತ್ರಿ ಓಡಿತು. ಐದನೆಯ ಬೆಳಿಗ್ಗೆ
ನಿಶಾ ಹಿಮದಲ್ಲಿ ನಿಂತಿದ್ದಳು,
ಒಂದೊಂದು ಕೂದಲಿಗೂ ಅದರದೇ ನೆರಳು.

ಹೋಟೆಲಿನವರ ಉತ್ತರ ಎರಡು ಸಾಲು.
ಚಿತ್ರ ಚೆನ್ನಾಗಿದೆ.
ಹಸು ತೆಗೆಯಿರಿ.

ತೆಗೆದೆ. ತೆಗೆದ ಮೇಲೆ, ಅಭ್ಯಾಸಬಲ, ಲೆಕ್ಕ ನೋಡಿದೆ:
ಹನ್ನೊಂದು ಮುಕ್ಕಾಲು ಜಿಬಿ.
ಮಲ್ಖಾಜನದೇ ಸಾಕಿತ್ತು.
ಉಳಿದ ಹನ್ನೆರಡೂ ಕಾಲು ಸುಮ್ಮನೆ ಖಾಲಿ,
ಈಗಷ್ಟೇ ಗುಡಿಸಿದ ಹಾಗೆ.
ಬೆನ್ನ ಕಡೆಯಿಂದ ಬಿಸಿಗಾಳಿ ಬರುತ್ತಲೇ ಇದೆ.
ಕಾಲುಚೀಲ ಒಗೆದು ಹರವಿದ್ದೇನೆ.