ದುಪ್ಪಟಿಯ ಆಚೆ ಬದಿ

ಜೂನ್, ಜುಲೈ ಪೂರ್ತಿ ನಮ್ಮಲ್ಲಿ ಕತ್ತಲೆಯೇ ಇಲ್ಲ.
ಔಲು ಪಟ್ಟಣದಿಂದ ಇನ್ನೂ ಅಷ್ಟು ಮೇಲೆ, ನಮ್ಮ ಬೀದಿ.
ಹಿತ್ತಲಲ್ಲಿ ಸಿನಿಮಾ ಎಂದು ಮಕ್ಕಳು ಹಟ ಹಿಡಿದಾಗೆಲ್ಲ
ಹೇಳಿಕೊಂಡೇ ಬಂದೆ:
ತಡೀರಿ, ಕತ್ತಲೆ ಹೊರಟಿದೆ, ದಾರಿಯಲ್ಲಿದೆ,
ಸಾಮಾನು ಜಾಸ್ತಿಯಿರುವ ನೆಂಟರ ಹಾಗೆ.

ಆಗಸ್ಟ್ ಕೊನೆಗೆ ಬಂತು. ಅದೂ ಅರ್ಧಂಬರ್ಧ.

ಪ್ರೊಜೆಕ್ಟರು ಗ್ರಂಥಾಲಯದ್ದು, ಮೂರು ದಿನದ ಎರವಲು.
ವಯರು ಸೌನಾದ ಪ್ಲಗ್ಗಿನಿಂದ ಎಳೆದದ್ದು,
ರಾಸ್ಪ್‌ಬೆರಿ ಪೊದೆಯ ಬುಡದಲ್ಲಿ ಹಾಯಿಸಿ
ಮೇಲೆ ರಬ್ಬರ್ ಚಾಪೆ ಮುಚ್ಚಿದ್ದಾನೆ ಇಲ್ಕ್ಕ;
ಹಾಗಿದ್ದೂ ಎರಡು ಸಲ ತಾನೇ ಎಡವಿದ.
ದುಪ್ಪಟಿ ಅತ್ತೆ ಕೊಟ್ಟ ಲಿನನ್ನು,
ಯಾವ ಇಸ್ತ್ರಿಗೂ ತಲೆ ಬಾಗದ್ದು.
ಬಟ್ಟೆ ಹರವುವ ಹಗ್ಗಕ್ಕೆ ಹದಿನಾಲ್ಕು ಕ್ಲಿಪ್ಪು ಹಾಕಿ
ಕೆಳಗಿನ ಮೂಲೆಗಳಿಗೆ
ಒಂದೊಂದು ಆಲೂಗಡ್ಡೆ ಗಂಟು ಕಟ್ಟಿದೆ, ಗಾಳಿಗೆ.

ಹಗ್ಗವಿರುವುದು ಬೇಲಿಗೆ ಅಂಟಿ.
ಬೇಲಿಯಾಚೆ ತಾಯಿಸ್ತೊ.

ಅವನ ಬರ್ಚ್ ಮರದ ಎಲೆ ನಮ್ಮ ಸೂರಿನ ದಂಬೆಯಲ್ಲಿ,
ಕೇಳದೆ ಕೊಂಬೆ ಕಡಿದದ್ದು ನನ್ನ ಗಂಡ,
ಕಡಿದ ಕೊಂಬೆಯನ್ನು ಅವನಂಗಳಕ್ಕೇ ಎಸೆದದ್ದು
(ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ) ನಾನು.
ಮೂರು ಚಳಿಗಾಲ ಕಳೆಯಿತು.
ಹಿಮ ಎತ್ತುವಾಗಲೂ ಬೆನ್ನಿಗೆ ಬೆನ್ನು.

ಸಿನಿಮಾ ಇಟಲಿಯದು, ಕುದುರೆ ಕಳ್ಳರದ್ದು.
ಕೆಳಗೆ ನಮ್ಮ ಭಾಷೆಯಲ್ಲಿ ಸಾಲು.
ಸೈಮಿ ಈ ವಸಂತದಲ್ಲಷ್ಟೇ ಓದಲು ಕಲಿತವಳು,
ಈಲಿಸನಿಗೆ ಇನ್ನೂ ಅಕ್ಷರವಿಲ್ಲ.
ತಮ್ಮನ ಕಿವಿಗೆ ಅಕ್ಕ ಕೂಡಿಸಿ ಕೂಡಿಸಿ ಓದುತ್ತಾಳೆ.
ನಮ್ಮ ಪದಗಳೋ ಗೂಡ್ಸ್ ರೈಲು,
ಎಂಜಿನ್ ದಾಟಿ ಡಬ್ಬಿ ಎಣಿಸುವಷ್ಟರಲ್ಲಿ
ಸಾಲೇ ಮಾಯ.
'ಕುದುರೆಯನ್ನು ಬಿಟ್ಟುಬಿಡು' ಎಂದು ಅವಳು ಮುಗಿಸುವಾಗ
ಕುದುರೆ ಗುಡ್ಡ ಇಳಿದು ಎಷ್ಟೋ ಹೊತ್ತಾಗಿತ್ತು.

ಒಂದು ತಮಾಷೆಗೆ ನಾವು ನಕ್ಕೆವು.
ನಕ್ಕು ಮುಗಿಸಿ, ಸೊಳ್ಳೆ ಹೊಡೆದು,
ಏಲಕ್ಕಿ ಬನ್ನು ಮುರಿಯುತ್ತಿದ್ದಾಗ
ಇನ್ನೊಂದು ನಗು, ತಡವಾಗಿ,
ದುಪ್ಪಟಿಯ ಒಳಗಿಂದ ಬಂದ ಹಾಗೆ.

ನನಗೆ ಆಮೇಲೆ ಹೊಳೆಯಿತು.
ಆ ಬದಿಗೂ ಬೆಳಕು ಸೋಸಿ ಹೋಗುತ್ತದೆ,
ಮುಖಗಳು ಅವನಿಗೂ ಮುಖಗಳೇ,
ಅಕ್ಷರ ಮಾತ್ರ ಎಲ್ಲ ತಿರುಗುಮುರುಗು.
ಅವನು ಸಿನಿಮಾ ನೋಡುತ್ತಿರುವುದು
ನನ್ನ ಮಗಳ ಬಾಯಿಂದ.

ಎರಡನೇ ಗಂಟೆಗೆ ಸೈಮಿಯ ದನಿ ಕಂಬಳಿಗೆ ಇಳಿಯಿತು,
ಅರ್ಧ ಪದ, ಕಾಲು ಪದ, ಆಕಳಿಕೆ.
ಆಗ ದುಪ್ಪಟಿ ಹೇಳಿತು:
'ಜೋರಾಗಿ ಓದು, ಮಗು. ಕೇಳಿಸ್ತಿಲ್ಲ.'

ಇಲ್ಕ್ಕನ ಕೈಯ ಬನ್ನು ಬಾಯಿಗೂ ಹೋಗಲಿಲ್ಲ,
ತಟ್ಟೆಗೂ ಬರಲಿಲ್ಲ.
ನಾನು ಪೊದೆ ನೋಡಿದೆ, ಪ್ಲಗ್ಗು ನೋಡಿದೆ.
ಸೈಮಿ ತಿರುಗಿಯೂ ನೋಡಲಿಲ್ಲ;
ಕೇಳಿದ್ದು ಕುದುರೆ ಕಳ್ಳನೇ ಎಂದುಕೊಂಡಳೋ ಏನೋ,
ಎದ್ದು ನಿಂತಳು, ಕಾಲಲ್ಲಿ ಒಂದೇ ಬೂಟು,
ಇಡೀ ಬೀದಿಗೆ ಕೇಳುವಂತೆ ಓದಿದಳು ಕೊನೆವರೆಗೆ.
ಪಾತ್ರಧಾರಿಗಳ ಹೆಸರೂ ಬಿಡಲಿಲ್ಲ,
ವಿಗ್ಗು ಹೊಲಿದವರದ್ದೂ.

ಬೆಳಿಗ್ಗೆ ಇಬ್ಬನಿಗೆ ದುಪ್ಪಟಿ ಹಸುವಿನಷ್ಟು ಭಾರ.
ಆಲೂಗಡ್ಡೆ ಬಿಚ್ಚುತ್ತಿದ್ದೆ.
ಬೇಲಿಯ ಮೇಲೆ ಒಂದು ಟೋಪಿ ಎದ್ದಿತು,
ಟೋಪಿಯ ಕೆಳಗೆ ತಾಯಿಸ್ತೊ:
'ಆ ಕಳ್ಳ ಎಡಚ. ಪಿಸ್ತೂಲು ಹಿಡಿದದ್ದು ನೋಡಿದೆಯಾ?'
ಇಲ್ಲ, ಬಲಗೈ, ಎಂದೆ.
'ಎಡ. ನಾನೇ ಕಣ್ಣಾರೆ ಕಂಡೆನಲ್ಲ.'
ಬಲ, ಎಂದೆ.
ಅವನ ದನಿ ಏರಿತು. ನನ್ನದೂ.
ಒಳಗಿಂದ ಇಲ್ಕ್ಕ ಓಡಿ ಬಂದ,
ಮತ್ತೆ ಮರದ ಮಾತು ಶುರುವಾಯಿತೆಂದು.