ಕಿತ್ತಳೆಯ ಮೇಲೆ ನೂಲು

ಮೂನಾದ ಈ ಬಾಡಿಗೆ ಮನೆಯಲ್ಲಿ
ಅಡುಗೆಮನೆಯ ಮೇಜೇ ಮದ್ರಸ, ಅದೇ ಶಾಲೆ.
ಒಂದು ತುದಿಯಲ್ಲಿ ನಿನ್ನೆಯ ಸಾರಿನ ಹಳದಿ ಕಲೆ,
ಇನ್ನೊಂದು ತುದಿಯಲ್ಲಿ ಎಂಟರ ಸುಹೈಲ್,
ಭೂಪಟ ಬಿಡಿಸಿ, ಅಡಿಪಟ್ಟಿ ಇಟ್ಟು,
ಹೋಬಾರ್ಟಿನಿಂದ ಮಕ್ಕಾದವರೆಗೆ
ನೆಟ್ಟಗೊಂದು ಗೆರೆ ಎಳೆದ.

"ಉಮ್ಮಾ, ನಾವು ತಪ್ಪು ತಿರುಗಿ ನಿಲ್ಲುತ್ತಿದ್ದೇವೆ.
ಗೆರೆ ವಾಯವ್ಯಕ್ಕೆ ಹೋಗುತ್ತದೆ,
ನೀನು ಚಾಪೆ ಹಾಸುವುದು ಬೆಟ್ಟದ ಕಡೆಗೆ."

ಕೈಯೆಲ್ಲ ಅಕ್ಕಿಹಿಟ್ಟು. ಎದೆ ಧಸಕ್ಕೆಂದಿತು.
ನನಗೆ ದಿಕ್ಕು ಕಲಿಸಿದ್ದು ಉಚ್ಚಿಲದ ಕಡಲು:
ಅಲೆ ಎಲ್ಲಿಂದ ಬರುತ್ತದೋ ಅತ್ತ ಮುಖ, ಅಷ್ಟೆ.
ಯಾಕೆಂದು ಕೇಳಿದವರಿಗೆ
ಉಸ್ತಾದರ ಬಳಿ ಒಂದು ಬೆತ್ತವಿತ್ತು,
ಅಲಿಫಿನ ಹಾಗೆ ನೆಟ್ಟಗೆ.

ಇಲ್ಲಿ ಬೆತ್ತವಿಲ್ಲ. ಉತ್ತರವೂ ಇಲ್ಲ.
ಬುಟ್ಟಿಯಿಂದ ಕಿತ್ತಳೆ ತೆಗೆದೆ.
ಮಕ್ಕಾಕ್ಕೊಂದು ಲವಂಗ ಚುಚ್ಚಿದೆ, ನಮಗೊಂದು,
ನಡುವೆ ಉಣ್ಣೆಯ ಎಳೆ ಬಿಗಿದು ಎಳೆದೆ.
ಎಳೆ ತಾನಾಗಿ ಜಾರಿ, ತನ್ನ ಹತ್ತಿರದ ದಾರಿ ಹುಡುಕಿ,
ನಮ್ಮ ಲವಂಗದ ಬುಡದಲ್ಲಿ
ಬೆಟ್ಟದ ಕಡೆಗೇ ವಾಲಿ ನಿಂತಿತು.
ಪಶ್ಚಿಮದಿಂದ ಉತ್ತರಕ್ಕೆ ಬರೀ ಐದು ಡಿಗ್ರಿ.

ಮೂವತ್ತು ವರ್ಷ ಮುಖ ಮಾಡಿ ನಿಂತ ದಿಕ್ಕನ್ನು
ಮೊದಲ ಸಲ ಬೆರಳಲ್ಲಿ ಮುಟ್ಟಿದೆ.

ಅಷ್ಟರಲ್ಲಿ ನಾಲ್ಕರ ರುಮೈಸಾ ಲವಂಗ ಕಿತ್ತು,
ಭೂಮಿಯ ಸಿಪ್ಪೆ ಸುಲಿದು, ಬಿಸ್ಮಿ ಹೇಳಿ ತಿಂದಳು.
ಬಿಸ್ಮಿ ಹೇಳಿದವಳನ್ನು ಬೈಯುವುದು ಹೇಗೆ?

ಮೊನ್ನೆ ವುಳೂ ಮಾಡುವಾಗ ನಲ್ಲಿ ಬಿಟ್ಟೇ ನಿಂತಿದ್ದ.
ಹರಿವ ನದಿಯ ಬಳಿ ಇದ್ದರೂ ಪೋಲು ಮಾಡಬಾರದು ಮಗಾ,
ಒಂದು ಮುದ್ದ್ ನೀರು ಸಾಕು ಎಂದೆ.
"ಮುದ್ದು ಅಂದರೆ ನೀನು ಕೆನ್ನೆಗೆ ಕೊಡುವುದಲ್ಲವಾ?"
ಅಲ್ಲ, ದೊಡ್ಡವರ ತುಂಬು ಬೊಗಸೆ.
ಅಳತೆಯ ಜಗ್ ಬಂತು. ನನ್ನ ಬೊಗಸೆ ಅಳೆದ,
ತನ್ನದು ಅಳೆದ, ತಂಗಿಯದು ಅಳೆದ,
ಕೂಡಿದ, ಭಾಗಿಸಿದ, ಮತ್ತೆ ಅಳೆದ.
ನೀರು ಉಳಿಸುವ ಪಾಠಕ್ಕೆ
ಅರ್ಧ ಬಕೆಟ್ ನೀರು ನೆಲಕ್ಕೆ ಹೋಯಿತು.

ಹಿತ್ತಿಲಲ್ಲಿ ಪೊರಕೆಯ ಕೋಲು ನೆಟ್ಟಿದ್ದಾನೆ.
ಇದು ಜೂನ್, ನಡುಹಗಲಿಗೇ ನೆರಳು
ಕೋಲಿನ ಎರಡು ಪಟ್ಟು ಮೀರಿ ಚಾಚುತ್ತದೆ;
ಅದರ ಮೇಲೆ ಇನ್ನೊಂದು ಕೋಲುದ್ದ ಬೆಳೆದರೆ
"ಅಸರ್!" ಎಂದು ಕೂಗುತ್ತಾನೆ.
ಪಕ್ಕದ ಮನೆಯ ನಾಯಿ ಈಗ ಬೊಗಳುವುದಿಲ್ಲ,
ಬೇಲಿಗೆ ಮೂತಿ ಇಟ್ಟು ಕಾಯುತ್ತದೆ.

ಫೋನಿನಲ್ಲಿ ಅಜ್ಜಿಯನ್ನು ಕೇಳಿದ,
"ನನ್ನ ಹೆಸರಿನ ನಕ್ಷತ್ರ ಅಲ್ಲಿ ಕಾಣುತ್ತದಾ?"
"ಚಳಿಗಾಲದಲ್ಲಿ ನಾಲ್ಕು ಗಳಿಗೆ, ಕಡಲಿಗೆ ತಾಗಿದ ಹಾಗೆ.
ಊರವರು ಅಗಸ್ತ್ಯ ಅನ್ನುತ್ತಾರೆ.
ಮಂಜಿಯ ಚುಕ್ಕಾಣಿ ಹಿಡಿದ ನಿನ್ನ ಮುತ್ತಜ್ಜ
ಸುಹೈಲ್ ಅನ್ನುತ್ತಿದ್ದರು. ಎರಡಕ್ಕೂ ಅದು ಓಗೊಡುತ್ತಿತ್ತು."
ಅಂದು ರಾತ್ರಿ ಸ್ವೆಟರ್ ಮೇಲೆ ಸ್ವೆಟರ್ ತೊಟ್ಟು ನೋಡಿ ಬಂದು
ನೋಟ್‌ಪುಸ್ತಕದಲ್ಲಿ ಬರೆದ:
ನಕ್ಷತ್ರ, ಸುಹೈಲ್. ಮುಳುಗುವ ಹೊತ್ತು, ಇಲ್ಲ.

ಗುರುವಾರ ಮನೆಪಾಠ ನೋಡಲು ಅಧಿಕಾರಿಣಿ ಬರುತ್ತಾರೆ.
ಅರ್ಜಿಯ ತುಂಬ ಚೌಕಗಳು:
ಗಣಿತ, ವಿಜ್ಞಾನ, ಭಾಷೆ, ಆರೋಗ್ಯ.
ಕಿತ್ತಳೆಯನ್ನು ಯಾವ ಚೌಕದಲ್ಲಿ ಇಡಲಿ?
ಸುಜೂದಿಗೆ ಬಾಗಿದರೆ ಬೆನ್ನೇರಿ ಕುಳಿತು
"ಮೇಲೇಳಬೇಡ" ಎನ್ನುವ ರುಮೈಸಾಳನ್ನು?
ಅರ್ಥ ಕೇಳಿದಾಗ "ನನಗೂ ಗೊತ್ತಿಲ್ಲ, ಹುಡುಕೋಣ" ಎಂದ
ನನ್ನನ್ನು?

ಪೆನ್ನು ಮುಚ್ಚಿ ಮಲಗಿದೆ.

ಸತುವಿನ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಇವರು ಬಂದಾಗ ಇನ್ನೂ ಕತ್ತಲು.
ಬೂಟು ಕಳಚಿದ ಸದ್ದು, ನೀರಿನ ಸದ್ದು; ಬೇಗ ನಿಂತ ನೀರು.
ಬಾಗಿಲ ಸಂದಿಯಿಂದ ನೋಡಿದೆ:
ಜಮಖಾನದ ಮೇಲೆ, ಯಾವಾಗ ಅಂಟಿಸಿದನೋ,
ಉಣ್ಣೆಯ ಎಳೆ, ಎರಡು ತುದಿಗೆ ಟೇಪು.
ಇವರು ಒಂದು ಕ್ಷಣ ನಿಂತರು.
ಯಾರನ್ನೂ ಎಬ್ಬಿಸಿ ಕೇಳಲಿಲ್ಲ.
ಬಗ್ಗಿ, ಚಾಪೆಯ ಅಂಚನ್ನು
ಎಳೆಗೆ ಸರಿಯಾಗಿ ಸರಿಸಿದರು.